ಆಫೀಸಿನವರ ಜೊತೆ ಮೆಕ್ಸಿಕನ್ ಊಟಕ್ಕೆ ಹೊರಟಾಗ

ಹೋದ ತಿಂಗಳು ಈ ಪುಟದಲ್ಲಿ ಒಂದು ಸಂಗತಿ ಬರೆದಿದ್ದೆ. ನಾನು ಬಳ್ಳಾರಿಯ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದಾಗ ತರಬೇತಿಗೆಂದು ಒಂಬತ್ತು ಜನ ಬೆಂಗಳೂರಿಗೆ ಹೋಗಿದ್ದೆವು. ಕೊನೆಯ ರಾತ್ರಿ ಎಲ್ಲರೂ ಸೇರಿ ಒಂದು ಮೆಕ್ಸಿಕನ್ ರೆಸ್ಟೋರೆಂಟ್ ಮತ್ತು ಬಾರಿಗೆ ಹೋದೆವು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳು ಮೆನು ಕಾರ್ಡನ್ನು ಎರಡು ಸಲ ತಿರುಗಿಸಿ ನೋಡಿ, 'ನನಗೆ ಹಸಿವಿಲ್ಲ ಮೇಡಂ' ಅಂದಳು. ಅವಳು ಮಧ್ಯಾಹ್ನವೂ ಸರಿಯಾಗಿ ಉಂಡಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಲಾಡ್ಜಿನ ರೂಮಿನಲ್ಲಿ ಬ್ಯಾಗಿನಿಂದ ಕಡಕ್ ರೊಟ್ಟಿ ತೆಗೆದು, ಶೇಂಗಾ ಚಟ್ನಿ ಪುಡಿ ಹಚ್ಚಿಕೊಂಡು ತಿಂದಳು. ದೀಪ ಆರಿಸಿ ಮಲಗಿದ್ದ ನನಗೆ ರೊಟ್ಟಿ ಮುರಿಯುವ ಸದ್ದು ಕೇಳಿಸಿತು. ಮೇಜಿನಲ್ಲಿ ಅವಳ ಪಕ್ಕದಲ್ಲೇ ಕೂತಿದ್ದೆ. 'ನಿನಗೇನು ಬೇಕು, ಕೇಳಿ ಹೇಳ್ತೀನಿ ಬಾ' ಅನ್ನಲಿಲ್ಲವಲ್ಲ ಅಂತ ಇವತ್ತಿಗೂ ಬೇಸರ ಇದೆ.

ಇದನ್ನು ಓದಿ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆಯಿಂದ ಪತ್ರ ಬಂದಿವೆ. ಈ ಸಲದ ಪುಟ ಪೂರ್ತಿ ಅದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಮುಂದಿನ ತಿಂಗಳು ನಮ್ಮ ಟೀಮಿನವರು ಬೆಂಗಳೂರಿನಲ್ಲಿ ಮೆಕ್ಸಿಕನ್ ಹೋಟೆಲಿಗೆ ಹೋಗೋಣ ಅಂತ ತೀರ್ಮಾನಿಸಿದ್ದಾರೆ. ನಾನು ಶುದ್ಧ ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಮೆನು ಮೊಬೈಲಿನಲ್ಲಿ ನೋಡಿದೆ, ಒಂದು ಹೆಸರೂ ತಿಳಿಯಲಿಲ್ಲ. ಏನು ತಿನ್ನಲಿ? ಹೇಗೆ ಕೇಳಲಿ?
ಹೆಸರು ಬೇಡ, ತೋರಣಗಲ್ಲು

ಉತ್ತರ: ಮೊದಲು ಭಯ ಬಿಡಿ. ನೀವು ರೊಟ್ಟಿ ತಿಂದು ಬೆಳೆದವರು. ಅಲ್ಲಿ ಬರುವುದೂ ರೊಟ್ಟಿಯೇ.

ಆ ರೊಟ್ಟಿಯ ಹೆಸರು ಟಾರ್ಟಿಯಾ. ಮೆಕ್ಸಿಕೋದಲ್ಲಿ ಅದನ್ನು ಮೆಕ್ಕೆಜೋಳದಲ್ಲಿ ಮಾಡುತ್ತಾರೆ. ಆ ದೇಶದ ಉತ್ತರ ಭಾಗದಲ್ಲಿ ಗೋಧಿಯದ್ದೂ ಉಂಟು. ನಮ್ಮ ರೊಟ್ಟಿಗಿಂತ ಚಿಕ್ಕದು, ಅಂಗೈಯಷ್ಟೇ ಅಗಲ. ಇದೊಂದು ಗೊತ್ತಾದರೆ ಅರ್ಧ ಮೆನು ಓದಿದ ಹಾಗೆ. ಟಾರ್ಟಿಯಾದಲ್ಲಿ ಪಲ್ಯ ಇಟ್ಟು ಮಡಚಿದರೆ ಟಾಕೋ. ದೊಡ್ಡ ಗೋಧಿ ಟಾರ್ಟಿಯಾದಲ್ಲಿ ಕಾಳು, ಅನ್ನ, ಪಲ್ಯ ಎಲ್ಲ ತುಂಬಿ ಸುತ್ತಿದರೆ ಬುರೀಟೊ. ಚೀಸ್ ಇಟ್ಟು ಮಡಚಿ ಹಂಚಿನ ಮೇಲೆ ಬೇಯಿಸಿದರೆ ಕೆಸಡಿಯಾ. ಸುರುಳಿ ಸುತ್ತಿ ಮೇಲೆ ಮೆಣಸಿನಕಾಯಿ ಗೊಜ್ಜು ಸುರಿದರೆ ಎಂಚಿಲಾಡಾ. ತ್ರಿಕೋನವಾಗಿ ಕತ್ತರಿಸಿ ಕರಿದು ಚೀಸ್ ಹಾಕಿದರೆ ನಾಚೋಸ್. ಈ ನಾಚೋಸ್ ಶುರುವಾದದ್ದು 1940ರ ದಶಕದ ಮೊದಲ ಭಾಗದಲ್ಲಿ, ಅಮೆರಿಕದ ಗಡಿಗೆ ಅಂಟಿಕೊಂಡ ಪಿಯೆದ್ರಾಸ್ ನೆಗ್ರಾಸ್ ಎಂಬ ಮೆಕ್ಸಿಕನ್ ಊರಿನಲ್ಲಿ. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಗಿರಾಕಿಗಳಿಗೆ ಇಗ್ನಾಸಿಯೋ ಅನಾಯಾ ಎಂಬುವರು ಕೈಗೆ ಸಿಕ್ಕ ಟಾರ್ಟಿಯಾ ಚೂರು, ಚೀಸ್, ಹಾಲಪೇನ್ಯೋ ಮೆಣಸಿನಕಾಯಿ ಸೇರಿಸಿ ಕೊಟ್ಟರು. ಅವರನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರು ನಾಚೋ. ತಟ್ಟೆಗೂ ಅದೇ ಹೆಸರು ನಿಂತಿತು.

ಸಾಲ್ಸಾ ಅಂದರೆ ಚಟ್ನಿ, ಇನ್ನೇನೂ ಅಲ್ಲ. ಗ್ವಾಕಮೋಲೆ ಅಂದರೆ ಬೆಣ್ಣೆಹಣ್ಣು ಕಿವುಚಿ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ನಿಂಬೆರಸ ಸೇರಿಸಿದ್ದು. ನಮ್ಮ ಮನೆಯಲ್ಲಿ ಸುಟ್ಟ ಬದನೆಕಾಯಿ ಕಿವುಚುವುದಿಲ್ಲವೇ, ಅದೇ ಕೈಕೆಲಸ. ಹುಳಿ, ಉಪ್ಪು, ಹಸಿ ಈರುಳ್ಳಿ ಮೂರೂ ಒಟ್ಟಿಗೆ ನಾಲಿಗೆಗೆ ತಾಗುತ್ತವೆ. ನಿಮಗೆ ಖಂಡಿತ ಹಿಡಿಸುತ್ತದೆ.

ಈಗ ಎಚ್ಚರಿಕೆಯ ಮಾತು. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಆ ರಾತ್ರಿ ನಾನು ಕೆಂಪಗಿದ್ದ ಮೆಕ್ಸಿಕನ್ ಅನ್ನ ಮತ್ತು ಬೀನ್ಸ್, ಅಂದರೆ ರಾಜ್ಮಾ ಥರದ ಕಾಳು, ತರಿಸಿಕೊಂಡೆ. ತರಕಾರಿ ಊಟ ಅಲ್ವಾ ಅಂದುಕೊಂಡೆ. ಆರೇಳು ಚಮಚ ತಿಂದ ಮೇಲೆ ರುಚಿ ಏನೋ ಬೇರೆ ಅನಿಸಿತು. ಕೇಳಿದೆ. ಬಡಿಸುವ ಹುಡುಗ ಒಳಗೆ ಹೋಗಿ ಬಂದು, 'ಅನ್ನ ಚಿಕನ್ ಸ್ಟಾಕಿನಲ್ಲಿ ಬೇಯಿಸಿದ್ದಾರೆ ಮೇಡಂ' ಅಂದ. ಸ್ಟಾಕ್ ಅಂದರೆ ಕೋಳಿ ಮೂಳೆ ಕುದಿಸಿದ ನೀರು. ಮೆನುವಿನಲ್ಲಿ ಅದರ ಪಕ್ಕ ಹಸಿರು ಚುಕ್ಕೆಯೂ ಇರಲಿಲ್ಲ, ಕಂದು ಚುಕ್ಕೆಯೂ ಇರಲಿಲ್ಲ. ಚಮಚ ಕೆಳಗಿಟ್ಟೆ. ಅವರು ಬರೆಯಬೇಕಿತ್ತು, ನಿಜ. ಆದರೆ ಮೊದಲ ಚಮಚಕ್ಕೆ ಮುಂಚೆ ನಾನೂ ಕೇಳಬೇಕಿತ್ತು. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದೆ. ಒಂದೇ ಮೇಜಿನಲ್ಲಿ ಆ ಹುಡುಗಿಯೂ ನಾನೂ ಮಾಡಿದ್ದು ಒಂದೇ ತಪ್ಪು.

ಆದ್ದರಿಂದ ಅನ್ನ ಯಾವ ನೀರಿನಲ್ಲಿ ಬೆಂದಿದೆ ಅಂತ ಕೇಳಿ. ಬೀನ್ಸ್ ಬಗ್ಗೆ ಇನ್ನೂ ಹುಷಾರಾಗಿ ಕೇಳಿ. ಬೇಯಿಸಿ, ಕಿವುಚಿ, ಮತ್ತೆ ಬಾಣಲೆಯಲ್ಲಿ ಬಾಡಿಸಿದ ಬೀನ್ಸಿಗೆ ಮೆಕ್ಸಿಕೋದಲ್ಲಿ ಹಂದಿ ಕೊಬ್ಬು ಹಾಕುವುದು ಹಳೆಯ ಪದ್ಧತಿ. ಗೋಧಿ ಟಾರ್ಟಿಯಾಗೂ ಅದನ್ನು ಸೇರಿಸುವುದುಂಟು. ನಮ್ಮ ದೇಶದ ಎಷ್ಟೋ ಅಡುಗೆಮನೆಗಳಲ್ಲಿ ಎಣ್ಣೆಯನ್ನೇ ಬಳಸುತ್ತಾರೆ. ಆದರೆ ಬಳಸುತ್ತಾರೆ ಅಂತ ನೀವೇ ಅಂದುಕೊಳ್ಳಬೇಡಿ. ಮೇಯನೇಸ್ ಇರುವ ಸಾಸಿನಲ್ಲಿ ಮೊಟ್ಟೆ ಇರಬಹುದು. ಸೀಸರ್ ಸಲಾಡ್ ಬರೀ ಸೊಪ್ಪು ಅಂತ ಎಷ್ಟೋ ಜನ ತರಿಸಿಕೊಳ್ಳುತ್ತಾರೆ, ಅದರ ಮೇಲಿನ ಸಾಸಿನಲ್ಲಿ ಮೊಟ್ಟೆ ಇರುತ್ತದೆ, ಸಣ್ಣ ಮೀನೂ ಇರಬಹುದು.

ಕೇಳುವುದಕ್ಕೆ ಒಳ್ಳೆಯ ಹೊತ್ತು ಅಂದರೆ ಹಿಂದಿನ ದಿನ ಮಧ್ಯಾಹ್ನ ನಾಲ್ಕು ಗಂಟೆ. ಆಗ ಅಡುಗೆಮನೆಯಲ್ಲಿ ಗದ್ದಲ ಇರುವುದಿಲ್ಲ. ಫೋನ್ ಮಾಡಿ, 'ಮಾಂಸ, ಮೀನು, ಮೊಟ್ಟೆ, ಪ್ರಾಣಿ ಕೊಬ್ಬು, ಚಿಕನ್ ಸ್ಟಾಕ್ ಯಾವುದೂ ಇಲ್ಲದ್ದು ಏನಿದೆ' ಅಂತ ಒಂದೇ ಉಸಿರಿನಲ್ಲಿ ಕೇಳಿ. ಬರೀ 'ವೆಜ್ ಇದೆಯಾ' ಅಂದರೆ 'ಇದೆ' ಅಂತಾರೆ, ಅಷ್ಟೇ. ಫೋನಿನಲ್ಲಿ ಹೇಳಿದವರು ಯಾರು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮೇಜಿಗೆ ಹೋದಾಗ ಅವರನ್ನೇ ಕರೆಯಿರಿ.

ನನ್ನನ್ನು ಕೇಳಿದರೆ ಮೆಕ್ಕೆಜೋಳದ ಟಾರ್ಟಿಯಾದಲ್ಲಿ ಕಪ್ಪು ಬೀನ್ಸ್, ಹುರಿದ ದೊಣ್ಣೆ ಮೆಣಸಿನಕಾಯಿ, ಗ್ವಾಕಮೋಲೆ, ಟೊಮ್ಯಾಟೊ ಸಾಲ್ಸಾ ಇಷ್ಟು ಹೇಳಿ. ಹೊಟ್ಟೆ ತುಂಬುತ್ತದೆ. ಯಾರಾದರೂ ಫಹೀತಾ, ಅಂದರೆ ಈರುಳ್ಳಿ ಜೊತೆ ಹುರಿದ ಮಾಂಸ ಅಥವಾ ತರಕಾರಿ, ತರಿಸಿದರೆ ಕಾದ ಕಬ್ಬಿಣದ ತಟ್ಟೆ ಚುಯ್ ಅಂತ ಹೊಗೆ ಬಿಡುತ್ತಾ ಬರುತ್ತದೆ. ಈರುಳ್ಳಿ ಅಂಚು ಕಪ್ಪಾಗಿ, ಎಣ್ಣೆ ಸಿಡಿಯುತ್ತಿರುತ್ತದೆ. ದುಪಟ್ಟಾ, ಸೀರೆ ಸೆರಗು ಹಿಂದಕ್ಕೆ ಹಾಕಿಕೊಳ್ಳಿ. ಆ ತಟ್ಟೆಯ ಮೇಲೆ ಕೋಳಿ ಇದ್ದರೆ ನಿಮ್ಮದನ್ನು ಬೇರೆ ತಟ್ಟೆಯಲ್ಲಿ ತರಿಸಿಕೊಳ್ಳಿ. ಹಾಗೆ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಪ್ರಶ್ನೆ: ಟಾಕೋ ಕೈಯಲ್ಲಿ ತಿನ್ನಬಹುದಾ? ಎಲ್ಲರೂ ಫೋರ್ಕ್ ಹಿಡಿದಿದ್ದರೆ?
ಓದುಗರು, ಲಿಂಗಸುಗೂರು

ಉತ್ತರ: ಕೈಯಲ್ಲೇ ತಿನ್ನಿ. ಮೆಕ್ಸಿಕೋದವರು ತಿನ್ನುವುದೂ ಹಾಗೆಯೇ. ಟಾಕೋ ಓರೆ ಮಾಡಬೇಡಿ, ಒಳಗಿನದೆಲ್ಲ ಸುರಿದುಹೋಗುತ್ತದೆ. ತಲೆಯನ್ನು ಓರೆ ಮಾಡಿ. ಎಂಚಿಲಾಡಾಗೆ ಮಾತ್ರ ಫೋರ್ಕ್ ಬೇಕು, ಗೊಜ್ಜಿನಲ್ಲಿ ಮುಳುಗಿರುತ್ತದೆ.

ಪ್ರಶ್ನೆ: ಮೆಕ್ಸಿಕನ್ ಊಟ ವಿಪರೀತ ಖಾರ ಅಂತಾರೆ. ನಿಜವೇ?
ಓದುಗರು, ರಾಯಚೂರು

ಉತ್ತರ: ಬೆಳಿಗ್ಗೆ ಒಗ್ಗರಣೆ ಜೊತೆ ಮಿರ್ಚಿ ತಿನ್ನುವವರಿಗೆ ಹೆದರಿಕೆ ಬೇಡ. ಮೆಣಸಿನಕಾಯಿಯ ಖಾರ ಅಳೆಯುವುದಕ್ಕೆ ಸ್ಕೋವಿಲ್ ಎಂಬ ಅಳತೆ ಇದೆ. ಹಾಲಪೇನ್ಯೋ ಆ ಅಳತೆಯಲ್ಲಿ 2,500ರಿಂದ 8,000. ನಮ್ಮ ಗುಂಟೂರು ಮೆಣಸಿನಕಾಯಿ 35,000 ದಾಟುತ್ತದೆ. ಹಬನೇರೋ ಅನ್ನುವುದು ಮಾತ್ರ ಬೇರೆ ಜಾತಿ, ಲಕ್ಷದ ಮೇಲೆ. ಮೆನುವಿನಲ್ಲಿ ಆ ಹೆಸರು ಕಂಡರೆ ಚಮಚದ ತುದಿಯಲ್ಲಿ ಸ್ವಲ್ಪವೇ ನೋಡಿ. ಚಿಪೋಟ್ಲೆ ಅಂದರೆ ಹಣ್ಣಾದ ಹಾಲಪೇನ್ಯೋವನ್ನು ಹೊಗೆಯಲ್ಲಿ ಒಣಗಿಸಿದ್ದು. ಕಟ್ಟಿಗೆ ಒಲೆಯ ಅಡುಗೆ ಉಂಡವರಿಗೆ ಆ ವಾಸನೆ ಹೊಸದಲ್ಲ.

ಪ್ರಶ್ನೆ: ಟಕೀಲಾ ಎಂಬ ಮೆಕ್ಸಿಕನ್ ಮದ್ಯವನ್ನು ಕತ್ತಾಳೆಯಿಂದ ಮಾಡುತ್ತಾರೆ ಅಂತ ಮಗ ಹೇಳಿದ. ನಮ್ಮ ಹೊಲದ ಬದುವಿನ ತುಂಬಾ ಕತ್ತಾಳೆ ಇದೆ. ಅದೇನಾ ಇದು?
ರೈತರು, ಕುಷ್ಟಗಿ ತಾಲ್ಲೂಕು

ಉತ್ತರ: ನಿಮ್ಮ ಪತ್ರ ನನಗೆ ತುಂಬಾ ಖುಷಿ ಕೊಟ್ಟಿತು. ಬಳಗ ಅದೇ, ಗಿಡ ಬೇರೆ. ಬದುವಿಗೆ ಬೇಲಿಯಾಗಿ, ನಾರಿಗಾಗಿ ಬೆಳೆದ ನಮ್ಮ ಕತ್ತಾಳೆಯ ತವರೂ ಮೆಕ್ಸಿಕೋ ಕಡೆಯದೇ. ಟಕೀಲಾಗೆ ಬೇಕಾದದ್ದು ನೀಲಿ ಛಾಯೆಯ ಎಲೆ ಇರುವ ಒಂದೇ ಜಾತಿ, ನೀಲಿ ಅಗಾವೆ.

ಆ ಗಿಡ ಕಟಾವಿಗೆ ಬರುವುದಕ್ಕೆ ಆರೇಳು ವರ್ಷ ಬೇಕು. ಕಬ್ಬಿನ ಹಾಗೆ ವರ್ಷಕ್ಕೊಂದು ಬೆಳೆ ಅಲ್ಲ. ನಮ್ಮ ಕತ್ತಾಳೆ ಒಂದೇ ಸಲ ಉದ್ದನೆಯ ಕಂಬ ಎತ್ತಿ ಹೂ ಬಿಟ್ಟು ಸಾಯುತ್ತದೆ, ನೀವು ನೋಡಿರುತ್ತೀರಿ. ಅದೂ ಹಾಗೇ. ಆ ಕಂಬ ಬೆಳೆಯುವುದಕ್ಕೆ ಬಿಟ್ಟರೆ ಗಡ್ಡೆಯ ಸಿಹಿಯೆಲ್ಲ ಅದಕ್ಕೇ ಹೋಗುತ್ತದೆ. ಹಾಗಾಗಿ ಮೊದಲೇ ಕಂಬ ಕಡಿದುಬಿಡುತ್ತಾರೆ. ಕಟಾವು ಮಾಡುವವರನ್ನು ಹಿಮಾದೋರ್ ಅಂತ ಕರೆಯುತ್ತಾರೆ. ಉದ್ದ ಹಿಡಿಯ, ದುಂಡನೆಯ ಅಲಗಿನ ಸಲಕರಣೆಯಿಂದ ಒಂದೊಂದೇ ಎಲೆ ಸವರಿ ಗಡ್ಡೆ ಬಿಡಿಸುತ್ತಾರೆ. ಎಲೆ ಕತ್ತರಿಸಿದ ಗಡ್ಡೆ ಅನಾನಸಿನ ಹಾಗೆ ಕಾಣುತ್ತದೆ, ಅದಕ್ಕೇ ಅದನ್ನು ಪಿನ್ಯಾ ಅನ್ನುತ್ತಾರೆ. ಒಂದೊಂದು ಪಿನ್ಯಾ 40 ಕಿಲೋ ದಾಟುವುದೂ ಇದೆ. ಅದನ್ನು ಬೇಯಿಸಿ, ಜಜ್ಜಿ, ರಸ ಹುಳಿ ಬರಿಸಿ, ಭಟ್ಟಿ ಇಳಿಸಿದರೆ ಟಕೀಲಾ.

ಟಕೀಲಾ ಅನ್ನುವುದು ಹಲಿಸ್ಕೋ ರಾಜ್ಯದ ಒಂದು ಊರಿನ ಹೆಸರು. 1974ರಿಂದ ಆ ಹೆಸರಿಗೆ ಮೆಕ್ಸಿಕೋದಲ್ಲಿ ಕಾನೂನಿನ ರಕ್ಷಣೆ ಇದೆ. ಹಲಿಸ್ಕೋ ಮತ್ತು ಇನ್ನು ನಾಲ್ಕು ರಾಜ್ಯಗಳ ಗೊತ್ತಾದ ಜಾಗದಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಅಲ್ಲಿನ ಅಗಾವೆ ಹೊಲಗಳು 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಮ್ಮ ಹಂಪಿ 1986ರಲ್ಲಿ ಸೇರಿದ ಪಟ್ಟಿಯೇ ಅದು. ಹೊಲ ಕೂಡ ಪರಂಪರೆ ಅಂತ ಅವರು ತೋರಿಸಿಕೊಟ್ಟರು. ಈ ಮಾತು ಓದಿದ ದಿನ ನನಗೆ ನಮ್ಮ ಎರೆಹೊಲದ ಬಿಳಿಜೋಳ ನೆನಪಾಯಿತು.

ಒಂದು ವಿನಂತಿ. ಬದುವಿನ ಕತ್ತಾಳೆಯಲ್ಲಿ ಮನೆಯಲ್ಲಿ ಪ್ರಯೋಗ ಮಾಡುವುದಕ್ಕೆ ಮಗನನ್ನು ಬಿಡಬೇಡಿ. ಹಸಿ ಎಲೆಯ ರಸ ಮೈಗೆ ತಾಗಿದರೆ ಉರಿ, ತುರಿಕೆ ಎದ್ದು ಗುಳ್ಳೆ ಬರುತ್ತದೆ. ಮನೆಯಲ್ಲಿ ಭಟ್ಟಿ ಇಳಿಸುವುದು ಅಪರಾಧ. ಅದರಲ್ಲಿ ವಿಷದ ಅಂಶ ಸೇರಿ ಕಣ್ಣು, ಜೀವ ಎರಡೂ ಹೋಗಬಹುದು.

ಪ್ರಶ್ನೆ: ನನಗೆ 26 ವರ್ಷ. ಟೀಮಿನಲ್ಲಿ ನಾವು ಇಬ್ಬರೇ ಹುಡುಗಿಯರು. ಬಾರ್ ಇರುವ ಹೋಟೆಲಿಗೆ ಹೋದಾಗಲೆಲ್ಲ ಮ್ಯಾನೇಜರ್ 'ಒಂದು ಸಿಪ್ ಅಷ್ಟೇ, ಏನಾಗಲ್ಲ' ಅಂತ ಶುರು ಮಾಡುತ್ತಾರೆ. ಪ್ರತಿ ಸಲ ಮಾತ್ರೆ ತಗೊಳ್ತಿದ್ದೀನಿ ಅಂತ ಸುಳ್ಳು ಹೇಳಿ ಸಾಕಾಗಿದೆ.
ಹೆಸರು ಬೇಡ, ಬಳ್ಳಾರಿ

ಉತ್ತರ: ಸುಳ್ಳು ಬೇಡ ತಂಗಿ. ಮಾತ್ರೆ ಮುಗಿಯುವ ದಿನ ಒಂದು ಬರುತ್ತದೆ ಅಂತ ಅವರು ಕಾಯುತ್ತಾರೆ. 'ನಾನು ಕುಡಿಯಲ್ಲ ಸರ್' ಅನ್ನಿ. ಅಲ್ಲಿಗೆ ನಿಲ್ಲಿಸಿ. ಕಾರಣ ಹೇಳಬೇಡಿ. ಕಾರಣ ಹೇಳಿದರೆ ಅದಕ್ಕೆ ಉತ್ತರ ಹುಡುಕುತ್ತಾರೆ.

ಇನ್ನೊಂದು ಉಪಾಯ. ಕುಡಿಯುವುದಕ್ಕೆ ಏನು ಬೇಕು ಅಂತ ಕೇಳಲು ಹುಡುಗ ಬಂದ ತಕ್ಷಣ ಎಲ್ಲರಿಗಿಂತ ಮೊದಲು ನೀವೇ ಹೇಳಿ. ಕೈಯಲ್ಲಿ ಗ್ಲಾಸ್ ಇದ್ದವರನ್ನು ಜಾಸ್ತಿ ಯಾರೂ ಕಾಡುವುದಿಲ್ಲ. ಮಾರ್ಗರೀಟಾ ಅಂದರೆ ಟಕೀಲಾ, ಕಿತ್ತಳೆ ರುಚಿಯ ಮದ್ಯ, ನಿಂಬೆರಸ ಸೇರಿದ್ದು, ಗ್ಲಾಸಿನ ಅಂಚಿಗೆ ಉಪ್ಪು ಮೆತ್ತಿರುತ್ತಾರೆ. ಅದನ್ನೇ ಮದ್ಯ ಇಲ್ಲದೆ ಮಾಡಿಕೊಡುತ್ತಾರೆ. ತುಂಬಾ ಚೆನ್ನಾಗಿರುತ್ತದೆ. ನಿಂಬೆ ಸೋಡಾಕ್ಕೆ ಉಪ್ಪು ಹಾಕಿ ಕುಡಿಯುವ ನಮಗೆ ಹೊಸ ರುಚಿಯೂ ಅಲ್ಲ.

ಆದರೆ ಒಂದು ಜೋಪಾನ. ಮದ್ಯ ಇರುವುದೂ ಇಲ್ಲದ್ದೂ ನೋಡುವುದಕ್ಕೆ ಒಂದೇ ಥರ. ಒಮ್ಮೆ ನಾನು ಪಕ್ಕದವರ ಗ್ಲಾಸನ್ನು ನನ್ನದೆಂದು ಎತ್ತಿಕೊಂಡು ಒಂದು ಗುಟುಕು ನುಂಗಿಬಿಟ್ಟೆ. ಗಂಟಲು ಸುಟ್ಟ ಹಾಗಾಯಿತು. ಅವತ್ತಿನಿಂದ 'ನನ್ನದು ಬೇರೆ ಆಕಾರದ ಗ್ಲಾಸಿನಲ್ಲಿ ಕೊಡಿ' ಅಂತ ಕೇಳುತ್ತೇನೆ. ಅವರು ಒಂದು ಸಲವೂ ಇಲ್ಲ ಅಂದಿಲ್ಲ. ಮೆನುವಿನಲ್ಲಿ ಹಮೈಕಾ ಅಂತ ಕಂಡರೆ ಬಿಡಬೇಡಿ. ಪುಂಡಿ ಬಳಗದ ಒಂದು ಗಿಡದ ಕೆಂಪು ಹೂಗವಚ ಕುದಿಸಿ, ಸಕ್ಕರೆ ಹಾಕಿ ತಣ್ಣಗೆ ಮಾಡಿದ ಪಾನಕ ಅದು. ಪುಂಡಿ ಪಲ್ಯದ ಹುಳಿಯೇ ಗ್ಲಾಸಿನಲ್ಲಿ ಬಂದ ಹಾಗಿರುತ್ತದೆ. ಬಣ್ಣ ದಾಳಿಂಬೆ ರಸದ್ದು.

ಈಗ ಗಂಭೀರ ಮಾತು. ಕುಡಿಯಿರಿ ಅನ್ನುವುದು ಮೈ ಮುಟ್ಟುವುದಕ್ಕೋ ಕೆಟ್ಟ ಮಾತಿಗೋ ತಿರುಗಿದರೆ ಸುಮ್ನೆ ಇರಬೇಡಿ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ಆಫೀಸಿನ ನಾಲ್ಕು ಗೋಡೆಗೆ ನಿಲ್ಲುವುದಿಲ್ಲ. ಕೆಲಸದ ನಿಮಿತ್ತ ಹೋದ ಜಾಗಕ್ಕೂ ಅದು ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಸಮಿತಿಯಲ್ಲಿ ಯಾರಿದ್ದಾರೆ ಅಂತ ಈಗಲೇ ತಿಳಿದುಕೊಂಡಿರಿ. ಇನ್ನೊಬ್ಬ ಹುಡುಗಿ ಇದ್ದಾಳೆ ಅಂದಿರಲ್ಲ, ಇಬ್ಬರೂ ಅಕ್ಕಪಕ್ಕ ಕೂರಿ, ಒಟ್ಟಿಗೆ ಏಳಿ.

ಮನೆಗೆ ಹೋಗುವ ಗಾಡಿ ಯಾರು ಓಡಿಸುತ್ತಾರೆ ಅನ್ನುವುದನ್ನೂ ಊಟಕ್ಕೆ ಮೊದಲೇ ಕೇಳಿ. ಓಡಿಸುವವರ 100 ಮಿಲಿಲೀಟರ್ ರಕ್ತದಲ್ಲಿ ಮದ್ಯದ ಅಂಶ 30 ಮಿಲಿಗ್ರಾಂ ದಾಟಿದರೆ ಅಪರಾಧ. ಮೊದಲ ಸಲಕ್ಕೇ ₹10,000 ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ದಂಡದ ಮಾತು ಬಿಡಿ. ಕುಡಿದವರು ಓಡಿಸುವ ಗಾಡಿಯಲ್ಲಿ ನೀವು ಕೂರಬೇಡಿ. ಯಾರು ಏನು ಅಂದುಕೊಂಡರೂ ಸರಿ.

ಪ್ರಶ್ನೆ: ರಾಯಚೂರಿನಿಂದ ಹೈದರಾಬಾದಿಗೆ ಕೆಲಸದ ಮೇಲೆ ಹೋದಾಗ ಎಂಟು ಜನ ಮೆಕ್ಸಿಕನ್ ಊಟ ಮಾಡಿದೆವು. ನಾನು ತಿಂದದ್ದು ಒಂದು ಕೆಸಡಿಯಾ, ಒಂದು ನಿಂಬೆ ಸೋಡಾ. ಬಿಲ್ಲು ಸಮ ಪಾಲು ಮಾಡಿ ₹1,900 ಕಟ್ಟಿಸಿಕೊಂಡರು. ನನ್ನ ಸಂಬಳ ಉಳಿದವರ ಅರ್ಧ. ಕೇಳಲಾಗಲಿಲ್ಲ.
ಓದುಗರು, ಮಾನ್ವಿ

ಉತ್ತರ: ಓದಿ ಸಂಕಟವಾಯಿತು. ₹1,900 ಅಂದರೆ ಒಂದು ಮನೆಗೆ ಎಷ್ಟು ದಿನದ ಸಂತೆ ಅನ್ನುವುದು ನನಗೆ ಗೊತ್ತು. ಮೂವತ್ತು ವರ್ಷ ಲೆಕ್ಕ ಬರೆದವಳು ನಾನು, ಆದ್ದರಿಂದ ಲೆಕ್ಕದ ದಾರಿಯನ್ನೇ ಹೇಳುತ್ತೇನೆ.

ಊಟಕ್ಕೂ ಮದ್ಯಕ್ಕೂ ತೆರಿಗೆ ಬೇರೆ ಬೇರೆ. ಊಟಕ್ಕೆ ಜಿಎಸ್‌ಟಿ. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿದೆ, ಅದಕ್ಕೆ ರಾಜ್ಯದ ತೆರಿಗೆ. ಹೀಗಾಗಿ ಎರಡನ್ನೂ ಬೇರೆ ಮಾಡುವುದು ಹೋಟೆಲಿನವರಿಗೆ ಕಷ್ಟವಲ್ಲ. ಕೂತ ಕೂಡಲೇ, ಇನ್ನೂ ಏನೂ ತರಿಸುವ ಮುಂಚೆ, 'ಡ್ರಿಂಕ್ಸ್ ಬಿಲ್ಲು ಬೇರೆ, ಊಟದ ಬಿಲ್ಲು ಬೇರೆ ಕೊಡಿ' ಅಂತ ಹೇಳಿಬಿಡಿ. ಬಿಲ್ಲು ಬಂದ ಮೇಲೆ ಹೇಳಿದರೆ ಜಗಳದ ಹಾಗೆ ಕೇಳಿಸುತ್ತದೆ. ಮೊದಲೇ ಹೇಳಿದರೆ ಬರೀ ವ್ಯವಸ್ಥೆ. ನೀವು ಹೇಳಲಾರಿರಾದರೆ ತಂಡದಲ್ಲಿ ಹಿರಿಯರೊಬ್ಬರಿಗೆ ಹಿಂದಿನ ದಿನವೇ ಒಂದು ಮಾತು ಹಾಕಿ.

ಬಿಲ್ಲಿನ ಕೊನೆಯ ಸಾಲು ಓದಿ. ಸರ್ವಿಸ್ ಚಾರ್ಜ್ ಅಂತ ತಾನಾಗಿಯೇ ಸೇರಿಸಿದ್ದರೆ ತೆಗೆಯಿರಿ ಅನ್ನಬಹುದು. ಅದನ್ನು ಕಡ್ಡಾಯ ಮಾಡುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಬಡಿಸಿದ ಹುಡುಗ ಚೆನ್ನಾಗಿ ನೋಡಿಕೊಂಡಿದ್ದರೆ ಅವನ ಕೈಗೇ ಕೊಡಿ.

ಮತ್ತೆ, ಇದನ್ನು ಓದುವ ಮ್ಯಾನೇಜರುಗಳೇ, ಟೀಮಿನಲ್ಲಿ ಕಡಿಮೆ ಸಂಬಳದವರು ಯಾರು ಅಂತ ನಿಮಗೆ ಗೊತ್ತಿರುತ್ತದೆ. ಅವರು ಬಾಯಿ ಬಿಟ್ಟು ಕೇಳುವ ತನಕ ಕಾಯಬೇಡಿ.

ಪ್ರಶ್ನೆ: ನಮ್ಮ ಊಟ ಬಿಟ್ಟು ಎಲ್ಲಿಯದೋ ದೇಶದ ಊಟದ ಬಗ್ಗೆ ಇಷ್ಟು ಬರೆಯುವುದು ಯಾಕೆ?
ನಿವೃತ್ತ ಶಿಕ್ಷಕರು, ಕೊಪ್ಪಳ

ಉತ್ತರ: ಮಾಸ್ತರೇ, ನಿಮ್ಮ ಮಾತಿನ ಹಿಂದಿನ ಪ್ರೀತಿ ಅರ್ಥವಾಗುತ್ತದೆ. ಆದರೆ ಐನೂರು ವರ್ಷದ ಹಿಂದೆ ನಮ್ಮ ಅಡುಗೆಮನೆಯಲ್ಲಿ ಮೆಣಸಿನಕಾಯಿಯೇ ಇರಲಿಲ್ಲ. ಖಾರಕ್ಕೆ ಕರಿಮೆಣಸು ಹಾಕುತ್ತಿದ್ದರು. ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕ ಖಂಡದ ಕಾಯಿ ಬಂತು. ಮೆಣಸಿನ ಹಾಗೆ ಖಾರ ಇರುವ ಕಾಯಿ ಅಂತ ಅದಕ್ಕೆ ಮೆಣಸಿನಕಾಯಿ ಅಂತ ಹೆಸರಿಟ್ಟೆವು. ಈಗ ಸಿರುಗುಪ್ಪ ಕಡೆಯ ರೈತರು ಅದನ್ನೇ ಬೆಳೆದು ಬ್ಯಾಡಗಿ ಮಾರುಕಟ್ಟೆಗೆ ಹೇರುತ್ತಾರೆ. ಮೆಕ್ಕೆಜೋಳ ಮೆಕ್ಸಿಕೋದ ಬಾಲ್ಸಾಸ್ ನದಿಯ ಕಣಿವೆಯಲ್ಲಿ ಸುಮಾರು 9,000 ವರ್ಷದ ಹಿಂದೆ ಒಂದು ಕಾಡುಹುಲ್ಲಿನಿಂದ ಪಳಗಿದ ಬೆಳೆ. ನಿಮ್ಮ ಜಿಲ್ಲೆಯಲ್ಲಿ ಅದು ಎಷ್ಟು ಹೊಲದಲ್ಲಿದೆ ನೋಡಿ. ಟೊಮ್ಯಾಟೊ, ಪೇರಲ, ಪಪ್ಪಾಯಿ, ಸೀತಾಫಲ ಎಲ್ಲವೂ ಅಮೆರಿಕ ಖಂಡದಿಂದಲೇ ಬಂದವು. ಆ ಊಟದ ಬಗ್ಗೆ ಬರೆಯುವಾಗ ನನಗೆ ಪರದೇಶದ ವಿಷಯ ಅಂತ ಅನಿಸುವುದೇ ಇಲ್ಲ.

ಪ್ರಶ್ನೆ: ಹೋಟೆಲಿನಲ್ಲಿ ತಿಂದ ಟಾರ್ಟಿಯಾ ಮನೆಯಲ್ಲಿ ಮಾಡೋಣ ಅಂತ ಮೆಕ್ಕೆಜೋಳದ ಹಿಟ್ಟು ಕಲಸಿದೆ. ತಟ್ಟುವಾಗಲೇ ಒಡೆಯಿತು, ರುಚಿಯೂ ಬರಲಿಲ್ಲ. ಎಲ್ಲಿ ತಪ್ಪಿತು?
ಗೃಹಿಣಿ, ಸಿರುಗುಪ್ಪ

ಉತ್ತರ: ತಪ್ಪು ನಿಮ್ಮ ಕೈಯದಲ್ಲ, ಹಿಟ್ಟಿನದು. ನಾನೂ ಮೂರು ಸಲ ಸೋತೆ. ಗುಟ್ಟು ಇರುವುದು ಸುಣ್ಣದಲ್ಲಿ.

ಮೆಕ್ಸಿಕೋದಲ್ಲಿ ಒಣ ಮೆಕ್ಕೆಜೋಳವನ್ನು ನೇರವಾಗಿ ಬೀಸುವುದಿಲ್ಲ. ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು, ಹಸಿಯಾಗಿಯೇ ರುಬ್ಬುತ್ತಾರೆ. ಹಾಗೆ ಮಾಡಿದಾಗ ಹಿಟ್ಟಿಗೆ ಅಂಟು ಬರುತ್ತದೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಮೆಕ್ಕೆಜೋಳದಲ್ಲಿ ನಯಾಸಿನ್ ಎಂಬ ವಿಟಮಿನ್ ಮೈಗೆ ಸಿಗದ ಹಾಗೆ ಬಿಗಿದುಕೊಂಡಿರುತ್ತದೆ. ಸುಣ್ಣ ಅದನ್ನು ಬಿಡಿಸುತ್ತದೆ. ಯುರೋಪಿನವರು ಮೆಕ್ಕೆಜೋಳ ಒಯ್ದರು, ಸುಣ್ಣದ ವಿದ್ಯೆ ಒಯ್ಯಲಿಲ್ಲ. ಬರೀ ಮೆಕ್ಕೆಜೋಳ ತಿಂದು ಬದುಕಿದ ಬಡವರಿಗೆ ಪೆಲ್ಲಾಗ್ರಾ ರೋಗ ಬಂತು. ಚರ್ಮ ಸುಲಿದು, ಹೊಟ್ಟೆ ಕೆಟ್ಟು, ಬುದ್ಧಿ ಭ್ರಮಣೆಯಾಗಿ ಎಷ್ಟೋ ಜನ ಸತ್ತರು. ಸಾವಿರಾರು ವರ್ಷದ ಹಿಂದೆ ಒಲೆಯ ಮುಂದೆ ಕೂತು ಇದನ್ನು ಕಂಡುಹಿಡಿದವರ ಬಗ್ಗೆ ನನಗೆ ಬಹಳ ಗೌರವ.

ನಾನು ಮಾಡಿದ್ದು ಹೀಗೆ. ಅರ್ಧ ಕಿಲೋ ಒಣ ಮೆಕ್ಕೆಜೋಳ. ಕೋಳಿ ಆಹಾರಕ್ಕೆ ಮಾರುವುದಲ್ಲ, ಮನುಷ್ಯರು ತಿನ್ನುವ ಸ್ವಚ್ಛ ಕಾಳು. ಎಲೆ ಅಡಿಕೆಗೆ ಹಾಕುವ, ಬಣ್ಣ ಬೆರೆಸದ ಬಿಳಿ ಸುಣ್ಣ ಒಂದು ಚಮಚ. ಗೋಡೆಗೆ ಬಳಿಯುವ ಸುಣ್ಣ ಬೇಡವೇ ಬೇಡ. ಒಂದೂವರೆ ಲೀಟರ್ ನೀರಿನಲ್ಲಿ ಸುಣ್ಣ ಕದಡಿ, ಕಾಳು ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದೆ. ಸ್ಟೀಲ್ ಪಾತ್ರೆ ಬಳಸಿ, ಅಲ್ಯೂಮಿನಿಯಂ ಸುಣ್ಣಕ್ಕೆ ಸವೆಯುತ್ತದೆ. ಸ್ವಲ್ಪ ಹೊತ್ತಿಗೆ ನೀರು ಅರಿಶಿನದ ಹಾಗೆ ಹಳದಿಯಾಯಿತು. ಮಳೆ ಬಿದ್ದ ಮಣ್ಣುಗೋಡೆಯ ಥರದ ವಾಸನೆ ಮನೆ ತುಂಬಿತು. ಮುಚ್ಚಿಟ್ಟು ಮಲಗಿದೆ. ಬೆಳಿಗ್ಗೆ ಕಾಳನ್ನು ಅಂಗೈಯಲ್ಲಿ ಉಜ್ಜಿದರೆ ಸಿಪ್ಪೆ ಲೋಳೆಯಾಗಿ ಜಾರಿ ಬಂತು. ನಾಲ್ಕೈದು ನೀರಿನಲ್ಲಿ ತೊಳೆಯಿರಿ, ಸುಣ್ಣದ ವಾಸನೆ ಪೂರ್ತಿ ಹೋಗಬೇಕು. ಆಮೇಲೆ ನೀರು ಆದಷ್ಟು ಕಡಿಮೆ ಹಾಕಿ ಗ್ರೈಂಡರಿನಲ್ಲಿ ರುಬ್ಬಿ. ಕಿವಿ ಹಾಲೆಯಷ್ಟು ಮೆತ್ತಗಿದ್ದರೆ ಹದ ಸರಿ.

ನಿಂಬೆ ಗಾತ್ರದ ಉಂಡೆ ಮಾಡಿ, ಎರಡು ಪ್ಲಾಸ್ಟಿಕ್ ಹಾಳೆ ನಡುವೆ ಇಟ್ಟು ಚಪ್ಪಟೆ ತಳದ ತಟ್ಟೆಯಿಂದ ಒತ್ತಿ. ಜೋಳದ ರೊಟ್ಟಿಯ ಹಾಗೆ ಬಡಿಯುವುದಕ್ಕೆ ಹೋಗಬೇಡಿ, ಹರಿಯುತ್ತದೆ. ಹಂಚು ಚೆನ್ನಾಗಿ ಕಾದಿರಲಿ. ಎರಡೂ ಕಡೆ ಒಂದೊಂದು ನಿಮಿಷ ಬೇಯಿಸಿ ಮತ್ತೆ ತಿರುವಿ ಹಾಕಿದರೆ ನಡುವೆ ಉಬ್ಬುತ್ತದೆ. ತೆಗೆದು ಬಟ್ಟೆಯಲ್ಲಿ ಸುತ್ತಿಡಿ.

ಪ್ರಶ್ನೆ: ಹಸಿವಿಲ್ಲ ಅಂದ ಆ ಹುಡುಗಿ ಈಗ ಎಲ್ಲಿದ್ದಾಳೆ?
ಓದುಗರು, ಕಂಪ್ಲಿ

ಉತ್ತರ: ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಅವಳನ್ನು ಕೇಳಿಯೇ ಹೋದ ತಿಂಗಳು ಬರೆದದ್ದು. ಯುಗಾದಿಗೆ ಊರಿಗೆ ಬಂದಾಗ ನಮ್ಮ ಮನೆಗೂ ಬಂದಿದ್ದಳು. ಸುಣ್ಣದ ಮೆಕ್ಕೆಜೋಳ ಹಿಂದಿನ ರಾತ್ರಿಯೇ ನೆನೆಸಿಟ್ಟಿದ್ದೆ. ಬಿಸಿ ಟಾರ್ಟಿಯಾದಲ್ಲಿ ಬದನೆಕಾಯಿ ಎಣ್ಣೆಗಾಯಿ ಇಟ್ಟು ಮಡಚಿ ಕೊಟ್ಟೆ. ಮೊದಲನೆಯದು ತಿನ್ನುವ ಮುಂಚೆ, 'ಇದರಲ್ಲಿ ಏನೇನು ಹಾಕಿದ್ದೀರಿ ಮೇಡಂ?' ಅಂತ ಕೇಳಿದಳು. ಒಂದೊಂದಾಗಿ ಹೇಳಿದೆ. ಐದು ತಿಂದಳು.